ಮನೆಯಲ್ಲಿ ಕಾಯಿಸಿದ ಎಣ್ಣೆ, ಮನೆಯಲ್ಲಿ ಕುಟ್ಟಿದ ಪುಡಿ

ಚರಿತ್ರೆಯೆಂದರೆ ಅರಮನೆ, ಆಸ್ಥಾನ, ರಣರಂಗ ಇವುಗಳಿಗೆ ಸಂಬಂಧಪಟ್ಟ ವಿಷಯವೆಂದು ನಮ್ಮಲ್ಲಿ ಬಹುಮಂದಿ ಭಾವಿಸಿರುವರು. ಬಚ್ಚಲುಮನೆಗೂ ಒಂದು ಚರಿತ್ರೆಯುಂಟೆಂದು ಯಾರಾದರೂ ಹೇಳಿದರೆ ಶ್ರೋತೃಗಳ ಮುಖದಲ್ಲಿ ನಗು ಮೂಡುವುದು ಸಹಜವೇ ಸರಿ. ಆದರೆ ನರಕ ಚತುರ್ದಶಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬದ ದಿನ, ಹಂಡೆಯನ್ನು ಹುಳಿ ಹಾಕಿ ಬೆಳಗಿ, ಅದರ ಕೊರಳಿಗೆ ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಹೂವಿನ ಸರವನ್ನು ಸುತ್ತಿ ಪೂಜಿಸುವುದನ್ನು ನಾವೆಲ್ಲರೂ ನೋಡಿದ್ದೇವೆ. ಮರುದಿನ ಬೆಳಕು ಹರಿಯುವ ಮೊದಲೇ ಮಣೆಯ ಮೇಲೆ ಕುಳಿತು, ಹಿರಿಯರ ಕೈಯಿಂದ ನೆತ್ತಿಗೆ ಎಣ್ಣೆಯನ್ನು ಒತ್ತಿಸಿಕೊಂಡು, ಕಣ್ಣಿಗೆ ಸೀಗೆಪುಡಿ ಬಿದ್ದು ಅತ್ತುದೂ ನಮ್ಮಲ್ಲಿ ಅನೇಕರಿಗೆ ಜ್ಞಾಪಕವಿರಬಹುದು. ಆ ಎಣ್ಣೆಯ ಹಿಂದೆ, ಆ ಪುಡಿಯ ಹಿಂದೆ, ಸಾವಿರ ವರ್ಷಗಳಿಗೂ ಮೀರಿದ ಆಲೋಚನೆಯಿರುವುದು. ಅದರಲ್ಲಿ ಒಂದು ಭಾಗ ಗ್ರಂಥಗಳಲ್ಲಿ ಉಳಿದಿದೆ. ಇನ್ನೊಂದು ಭಾಗ, ಬಹುಶಃ ಹೆಚ್ಚು ಬೆಲೆಯುಳ್ಳ ಭಾಗ, ಬರೆವಣಿಗೆಗೆ ಬಾರದೆ ಕೈಯಿಂದ ಕೈಗೆ ಬಂದಿದೆ. ಈ ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡುವುದೇ ಈ ಭಾಷಣದ ಉದ್ದೇಶ.

ಮೊದಲು ಗ್ರಂಥಗಳನ್ನು ನೋಡೋಣ. ಕ್ರಿಸ್ತಶಕ ಆರನೆಯ ಶತಮಾನದ ವರಾಹಮಿಹಿರನನ್ನು ನಾವು ಜ್ಯೋತಿಷಿಯೆಂದು ಬಲ್ಲೆವು. ಆದರೆ ಅವನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಯೆಂಬ ಒಂದು ಅಧ್ಯಾಯವೇ ಇದೆ. ತಲೆ ನರೆತವನಿಗೆ ಹೂಮಾಲೆ, ಗಂಧ, ವಸ್ತ್ರ, ಒಡವೆಗಳಾವುವೂ ಶೋಭಿಸುವುದಿಲ್ಲವಾದ ಕಾರಣ ಮೊದಲು ಕೂದಲಿನ ಬಣ್ಣವನ್ನು ನೋಡಿಕೊಳ್ಳಬೇಕೆಂದು ಹೇಳಿ ಆತನು ಆ ಅಧ್ಯಾಯವನ್ನು ಪ್ರಾರಂಭಿಸುವನು. ಅನಂತರ ಒಂದು ವಿಧಾನವನ್ನು ಕೊಡುವನು: ಹಾರಕದ ಅಕ್ಕಿಯನ್ನು ಹುಳಿನೀರಿನಲ್ಲಿ, ಕಬ್ಬಿಣದ ಪಾತ್ರೆಯಲ್ಲಿ, ಕಬ್ಬಿಣದ ಪುಡಿಯೊಡನೆ ಬೇಯಿಸಿ ನುಣ್ಣಗೆ ಅರೆಯಬೇಕು, ತಲೆಗೆ ಹಚ್ಚಿ ಹಸಿಯ ಎಲೆಗಳಿಂದ ಕಟ್ಟಿ ಎರಡು ಜಾವ ಬಿಡಬೇಕು, ತೊಳೆದ ಮೇಲೆ ನೆಲ್ಲಿಯ ಕಲ್ಕವನ್ನು ಹಚ್ಚಿ ಮತ್ತೆ ಎರಡು ಜಾವ ಬಿಡಬೇಕು. ಇದರಲ್ಲಿ ಮಂತ್ರವಿಲ್ಲ, ಮಾಯೆಯಿಲ್ಲ. ಹುಳಿಯು ಕಬ್ಬಿಣವನ್ನು ಕರಗಿಸುವುದು. ಕರಗಿದ ಕಬ್ಬಿಣವು ಕೂದಲಿಗೆ ಹಿಡಿಯುವುದು. ನೆಲ್ಲಿಯಲ್ಲಿರುವ ಒಗರು ಅದರೊಡನೆ ಕೂಡಿ ಕಪ್ಪಾಗುವುದು. ಹಿಂದೆ ನಮ್ಮ ಲೇಖಕರು ಒಗರುಕಾಯಿ ಮತ್ತು ಅನ್ನಭೇದಿಗಳಿಂದ ಮಸಿಯನ್ನು ಮಾಡುತ್ತಿದ್ದುದೂ ಇದೇ ತತ್ತ್ವದಿಂದಲೇ. ಕಾಗದದ ಮೇಲೆ ಮಸಿಯಾದುದು ತಲೆಯ ಮೇಲೆ ಯೌವನವಾಯಿತು, ಅಷ್ಟೆ. ನೆಲ್ಲಿಪುಡಿಯನ್ನು ಕಬ್ಬಿಣದ ಬಾಣಲೆಯಲ್ಲಿಯೇ ನೆನೆಸಬೇಕೆಂದು ಮನೆಯ ಹಿರಿಯರು ಹಟ ಹಿಡಿಯುವುದು ಏತಕ್ಕೆಂಬುದು ಈಗ ಸ್ಪಷ್ಟವಾಗಿರಬಹುದು.

ಅದೇ ಅಧ್ಯಾಯದಲ್ಲಿ ವರಾಹಮಿಹಿರನೊಳಗಿನ ಗಣಿತಜ್ಞನೂ ಇಣಿಕಿ ನೋಡುವನು. ಹದಿನಾರು ಸುಗಂಧದ್ರವ್ಯಗಳಲ್ಲಿ ನಾಲ್ಕು ನಾಲ್ಕನ್ನು ಆರಿಸಿಕೊಂಡರೆ ಎಷ್ಟು ಬಗೆಯ ಮಿಶ್ರಣಗಳಾಗುವುವೆಂದು ಲೆಕ್ಕ ಹಾಕಿ 1820 ಎಂದು ಸರಿಯಾದ ಉತ್ತರವನ್ನು ಕೊಡುವನು. ಸ್ನಾನದ ಪುಡಿಯ ವಿಷಯವು ಗಣಿತಶಾಸ್ತ್ರಕ್ಕೆ ತಕ್ಕುದಲ್ಲವೆಂದು ಆತನು ಎಣಿಸಲಿಲ್ಲ.

ಕನ್ನಡದಲ್ಲಿಯೂ ಈ ಪರಂಪರೆ ಹಿಂದುಳಿಯಲಿಲ್ಲ. ಕಲ್ಯಾಣದ ಚಾಲುಕ್ಯರ ಇಮ್ಮಡಿ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು 'ಲೋಕೋಪಕಾರ' ಎಂಬ ಗ್ರಂಥವನ್ನು ರಚಿಸಿದನು. ಈತನು ಶ್ರವಣಬೆಳಗೊಳದ ಚಾವುಂಡರಾಯನಲ್ಲ. ಹೆಸರಿಗೆ ತಕ್ಕಂತೆ ಆ ಗ್ರಂಥವು ಲೋಕದ ಜನರಿಗೆ ಉಪಕಾರವಾಗುವ ವಿಷಯಗಳನ್ನು ಒಟ್ಟುಗೂಡಿಸಿದೆ. ವಾಸ್ತು, ಬಾವಿಗೆ ಜಲ ನೋಡುವ ಬಗೆ, ಗಿಡಮರಗಳ ಪೋಷಣೆ, ಅಡುಗೆ, ಔಷಧ ಇವುಗಳ ನಡುವೆ ಗಂಧಯುಕ್ತಿಗೂ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ಬಾವಿ ತೋಡುವುದು, ಸಾರು ಕಾಯಿಸುವುದು ಹೇಗೆ ಸಂಸಾರಿಗೆ ತಿಳಿದಿರಬೇಕಾದ ವಿದ್ಯೆಯೋ ಹಾಗೆಯೇ ಪರಿಮಳದ ಪುಡಿಯನ್ನು ಕೂಡಿಸುವುದೂ ಎಂಬ ಅಭಿಪ್ರಾಯ ಇದರಿಂದ ವ್ಯಕ್ತವಾಗುವುದು. ನೂರು ವರ್ಷಗಳ ತರುವಾಯ, ಸುಮಾರು 1129ರಲ್ಲಿ, ಅದೇ ವಂಶದ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ಬರೆದನು. ನೂರು ಅಧ್ಯಾಯಗಳ ಆ ವಿಶ್ವಕೋಶದಲ್ಲಿ ಸ್ನಾನಭೋಗ, ವಿಲೇಪನಭೋಗಗಳೂ ಸೇರಿವೆ. ಹೂವುಗಳೊಡನೆ ಇಟ್ಟು ಸುವಾಸನೆಗೊಳಿಸಿದ ಎಳ್ಳಿನಿಂದ ತೆಗೆದ ಎಣ್ಣೆ, ಅಂಗಮರ್ದನ, ಋತುವಿಗೆ ತಕ್ಕಂತೆ ಬದಲಾಗುವ ಲೇಪನ ಇವೆಲ್ಲ ಅಲ್ಲಿ ವರ್ಣಿತವಾಗಿವೆ. ಕಲ್ಯಾಣವೆಂದರೆ ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಆ ಬಿಸಿಲಿನ ಸೀಮೆಯಲ್ಲಿ ಕುಳಿತ ದೊರೆಯು ಬೇಸಗೆಯ ಲೇಪವೇ ಬೇರೆ, ಚಳಿಗಾಲದ ಲೇಪವೇ ಬೇರೆ ಎಂದು ಬರೆದುದು ಕೇವಲ ವಿಲಾಸವಲ್ಲ, ಅನುಭವವೂ ಹೌದು.

ಆದರೆ ಈ ಗ್ರಂಥಗಳನ್ನು ಬರೆದವರೆಲ್ಲ ಗಂಡಸರು. ಅವುಗಳಲ್ಲಿ ಸ್ನಾನ ಮಾಡುವವನು ಅರಸು ಅಥವಾ ನಾಗರಿಕ. ಪುಡಿಯನ್ನು ಕುಟ್ಟಿದವರು ಯಾರು? ಒಲೆಯ ಮುಂದೆ ಕುಳಿತು ಎಣ್ಣೆಯನ್ನು ಕಾಯಿಸಿದವರು ಯಾರು? ಅವರು ಗ್ರಂಥವನ್ನು ಬರೆಯಲಿಲ್ಲ. ಅವರ ಶಾಸ್ತ್ರವನ್ನು ತಿಳಿಯಬೇಕಾದರೆ ಅಡುಗೆಮನೆಯ ಹೊಸ್ತಿಲನ್ನು ದಾಟಬೇಕು.

ನಾವು ಚಿಕ್ಕವರಾಗಿದ್ದಾಗ ಮನೆಯಲ್ಲಿ ತಲೆಗೆ ಹಚ್ಚುವ ಎಣ್ಣೆಯನ್ನು ಕಾಯಿಸುತ್ತಿದ್ದವರು ನಮ್ಮ ದೊಡ್ಡಜ್ಜಿ. ಗರುಗದ ಸೊಪ್ಪಿನ ರಸ, ಒಂದೆಲಗದ ರಸ, ನೆಲ್ಲಿಕಾಯಿ, ದಾಸವಾಳದ ಹೂ, ನಾಲ್ಕು ಕಾಳು ಮೆಂತ್ಯ ಇವಿಷ್ಟೇ ಸಾಮಗ್ರಿ. ಬೆಂಕಿಯು ಸಣ್ಣಗಿರಬೇಕು, ಕೈ ಬಿಡದೆ ತಿರುವುತ್ತಿರಬೇಕು. ನಮಗೆ ಅದೊಂದು ಮುಗಿಯದ ಕೆಲಸವಾಗಿ ತೋರುತ್ತಿತ್ತು. ಆಯಿತೆ, ಆಯಿತೆ ಎಂದು ಪೀಡಿಸಿದರೆ ಅವರು ಹತ್ತಿಯ ಬತ್ತಿಯೊಂದನ್ನು ಎಣ್ಣೆಯಲ್ಲಿ ಅದ್ದಿ ದೀಪಕ್ಕೆ ಹಿಡಿಯುವರು. ಬತ್ತಿ ಚಟಪಟನೆ ಸಿಡಿದರೆ, "ಇನ್ನೂ ಮಾತಾಡ್ತಾ ಇದೆ, ಆಗಿಲ್ಲ ಕಣೋ" ಎನ್ನುವರು. ಬತ್ತಿ ಸದ್ದಿಲ್ಲದೆ ಉರಿದಾಗಲೇ ಒಲೆಯಿಂದ ಇಳಿಸುವುದು. ಅನಂತರ ಒಣಗಿದ ಬಟ್ಟೆಯಲ್ಲಿ ಸೋಸಿ, ಬಿಸಿಲಿನಲ್ಲಿ ಕಾದ ಶೀಷೆಗೆ ತುಂಬುವರು. ಶೀಷೆಗೆ ಒದ್ದೆಯ ಕೈಯನ್ನು ತಾಗಿಸಿದವರಿಗೆ ಬೈಗುಳ ತಪ್ಪುತ್ತಿರಲಿಲ್ಲ.

ಬಹುಕಾಲದ ಮೇಲೆ ಶಾರ್ಙ್ಗಧರ ಸಂಹಿತೆಯ ಸ್ನೇಹಪಾಕದ ಪ್ರಕರಣವನ್ನು ಓದುವ ಸಂದರ್ಭ ನಮಗೆ ಒದಗಿತು. ಒಂದು ಪಾಲು ಕಲ್ಕ, ನಾಲ್ಕು ಪಾಲು ಎಣ್ಣೆ, ಹದಿನಾರು ಪಾಲು ದ್ರವ ಎಂದು ಅಲ್ಲಿ ಪ್ರಮಾಣವಿದೆ. ಪಾಕವಾಯಿತೆಂಬುದಕ್ಕೆ ಲಕ್ಷಣಗಳೂ ಇವೆ: ಕಲ್ಕವು ಬೆರಳುಗಳ ನಡುವೆ ಬತ್ತಿಯಂತೆ ಹೊಸೆಯಲು ಬರಬೇಕು, ಬೆಂಕಿಗೆ ಹಾಕಿದರೆ ಶಬ್ದ ಮಾಡಬಾರದು, ಎಣ್ಣೆಯಾದರೆ ನೊರೆ ಏಳಬೇಕು, ತುಪ್ಪವಾದರೆ ನೊರೆ ಅಡಗಬೇಕು. ಓದುತ್ತಿದ್ದಂತೆ ದೊಡ್ಡಜ್ಜಿಯ ಬತ್ತಿಯ ನೆನಪಾಯಿತು. ಆಕೆ ಶಾರ್ಙ್ಗಧರನ ಹೆಸರನ್ನೇ ಕೇಳಿರಲಿಲ್ಲ. ಆದರೆ ಅವನ ಪರೀಕ್ಷೆಯನ್ನು ಬಲ್ಲವರಾಗಿದ್ದರು.

ಈ ಪರೀಕ್ಷೆಗಳೆಲ್ಲ ಹುಡುಕುವುದು ಒಂದನ್ನೇ, ಅದು ನೀರು. ಎಣ್ಣೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲಾರವು. ನೀರು ಉಳಿದ ಕಡೆ ಬೆಳೆಯುವುವು. ನೀರು ಉಳಿದ ಎಣ್ಣೆಗೆ ಬೂಷ್ಟು ಹಿಡಿಯುವುದು, ಹುಳಿವಾಸನೆ ಬರುವುದು. ಸೊಪ್ಪಿನ ಸತ್ವವನ್ನು ಎಣ್ಣೆಗೆ ತರಬೇಕು, ಸೊಪ್ಪಿನ ನೀರನ್ನು ಮಾತ್ರ ಹೊರಡಿಸಬೇಕು. ಹಾಗೆಂದು ಬೆಂಕಿ ಹೆಚ್ಚಾದರೆ ಸತ್ವವೇ ಸೀದುಹೋಗುವುದು. ಈ ಎರಡು ಅಪಾಯಗಳ ನಡುವಣ ಕಿರುದಾರಿಗೆ ಪಾಕವೆಂದು ಹೆಸರು. ಸೂಕ್ಷ್ಮದರ್ಶಕ ಯಂತ್ರವಿಲ್ಲದ ಕಾಲದಲ್ಲಿ, ಒಂದು ಹತ್ತಿಯ ಬತ್ತಿಯ ಸದ್ದಿನಿಂದ ನಮ್ಮ ಹೆಂಗಸರು ಅದನ್ನು ಕಂಡುಕೊಂಡಿದ್ದರು.

ಪುಡಿಯ ಶಾಸ್ತ್ರವೂ ಇದೇ. ಸೀಗೆ, ಅಂಟುವಾಳ, ಮೆಂತ್ಯ, ಕಚ್ಚೋರ, ಲಾವಂಚ, ಒಣಗಿಸಿದ ನಿಂಬೆಯ ಸಿಪ್ಪೆ ಇವುಗಳನ್ನು ಬಿರುಬಿಸಿಲಿನಲ್ಲಿ ಗಲಗಲ ಎನ್ನುವಂತೆ ಒಣಗಿಸಿ ಕುಟ್ಟಿ, ಒಣಗಿದ ಡಬ್ಬಿಯಲ್ಲಿಡುವರು. ಮೈಗೆ ಹಚ್ಚುವ ಹೆಸರುಹಿಟ್ಟು ಕಡಲೆಹಿಟ್ಟುಗಳನ್ನು ಹಿಂದಿನ ದಿನವೇ ಕಲಸಿಡುವ ಪದ್ಧತಿಯಿಲ್ಲ. ಸ್ನಾನದ ಹೊತ್ತಿನಲ್ಲಿ ಅಂಗೈಯಲ್ಲಿಯೇ ನೀರು ಬೆರೆಸುವರು. ಕಲಸಿದ ಹಿಟ್ಟು ಒಂದು ರಾತ್ರಿಯಲ್ಲಿ ಹುಳಿಯುವುದೆಂಬುದನ್ನು ದೋಸೆಹಿಟ್ಟನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಒಣಗಿದ ಪುಡಿಗೂ ಅವಧಿಯುಂಟು. ಚೂರ್ಣವು ಎರಡು ತಿಂಗಳಿನ ಮೇಲೆ ಸತ್ವಹೀನವಾಗುವುದೆಂದು ಶಾರ್ಙ್ಗಧರನೇ ಹೇಳಿರುವನು. ನೀರನ್ನೂ ಸ್ನೇಹವನ್ನೂ ಕೂಡಿಸಲೇಬೇಕಾದ ಕಡೆ, ತುಪ್ಪವನ್ನು ತಾಮ್ರದ ತಟ್ಟೆಯಲ್ಲಿ ನೂರು ಸಲ ನೀರು ಹಾಕಿ ಮಥಿಸಿ ಬೆಣ್ಣೆಯಂತೆ ಬೆಳ್ಳಗೆ ಮಾಡುವ ಶತಧೌತ ಘೃತವೆಂಬ ವಿಧಾನವಿತ್ತು. ಪಾಶ್ಚಾತ್ಯರಲ್ಲಿ ಗ್ಯಾಲೆನ್ ವೈದ್ಯನು ಎರಡನೆಯ ಶತಮಾನದಲ್ಲಿ ಜೇನುಮೇಣ, ಎಣ್ಣೆ, ಗುಲಾಬಿನೀರುಗಳನ್ನು ಕಡೆದು ಮಾಡಿದ ಲೇಪವು ಇದಕ್ಕೆ ದೂರದ ಬಂಧು. ಈಗಿನ ಕೋಲ್ಡ್ ಕ್ರೀಮಿಗೆ ಅದೇ ಮೂಲ.

ಸೀಗೆಯು ಕೊಳೆಯನ್ನು ತೆಗೆಯುವುದು ಹೇಗೆ? ಸೀಗೆ ಅಂಟುವಾಳಗಳಲ್ಲಿ ನೊರೆ ಕೊಡುವ ಸಪೋನಿನ್ ಎಂಬ ದ್ರವ್ಯವಿದೆ. ಅದರ ಕಣದ ಒಂದು ತುದಿಗೆ ಎಣ್ಣೆಯ ಸ್ನೇಹ, ಮತ್ತೊಂದು ತುದಿಗೆ ನೀರಿನ ಸ್ನೇಹ. ಅದು ಜಿಡ್ಡನ್ನು ಒಂದು ಕೈಯಿಂದ ಹಿಡಿದು, ನೀರನ್ನು ಇನ್ನೊಂದು ಕೈಯಿಂದ ಹಿಡಿದು ಹೊರಕ್ಕೆ ನಡೆಸುವುದು. ಸಾಬೂನಿನ ಕೆಲಸವೂ ಇದೇ. ಆದರೆ ಒಂದು ಭೇದವುಂಟು. ಆಮ್ಲ ಕ್ಷಾರಗಳನ್ನು ಅಳೆಯುವ ಮಾನದಲ್ಲಿ 7 ಮಧ್ಯಬಿಂದು. ನಮ್ಮ ಚರ್ಮದ ಮೇಲ್ಮೈ 5ರ ಆಸುಪಾಸಿನಲ್ಲಿರುವುದು, ಅಂದರೆ ಸ್ವಲ್ಪ ಆಮ್ಲ. ಸೀಗೆಯ ನೀರೂ ಆಮ್ಲದ ಕಡೆಗೇ ಇರುವುದು. ಸಾಬೂನಿನ ನೀರು 9 ಅಥವಾ 10ರವರೆಗೆ ಕ್ಷಾರ. ಕ್ಷಾರದಲ್ಲಿ ಕೂದಲಿನ ಮೇಲಣ ಪೊರೆಗಳು ನಿಮಿರಿ ಕೂದಲು ಒರಟಾಗುವುದು. ಇದಲ್ಲದೆ, ಗಡಸುನೀರಿನ ಸುಣ್ಣದಂಶವು ಸಾಬೂನಿನೊಡನೆ ಸೇರಿ ಅಂಟುಗಸಿಯಾಗಿ ತಲೆಯಲ್ಲಿ ಉಳಿಯುವುದು. ಬಯಲುಸೀಮೆಯ ಬಾವಿಯ ನೀರಿನಲ್ಲಿ ತಲೆಗೆ ಸಾಬೂನು ಹಾಕಿಕೊಂಡವರಿಗೆ ಇದರ ಅನುಭವವುಂಟು. ಸೀಗೆಗೆ ಈ ತೊಂದರೆಯಿಲ್ಲ. ಕಣ್ಣು ಉರಿಯುವ ತೊಂದರೆ ಮಾತ್ರ ಉಂಟು. ಅದಕ್ಕೆ ಶಾಸ್ತ್ರಕಾರರಾಗಲಿ ದೊಡ್ಡಜ್ಜಿಯಾಗಲಿ ಮದ್ದನ್ನು ಕಂಡುಹಿಡಿಯಲಿಲ್ಲ.

ಇಷ್ಟನ್ನು ಕೇಳಿ ಶ್ರೋತೃಗಳು, ಹಳೆಯದೆಲ್ಲವೂ ಹೊನ್ನೆಂಬ ನಿರ್ಣಯಕ್ಕೆ ಬರಬಾರದು. ಸತ್ಯಕ್ಕೆ ಇನ್ನೊಂದು ಮುಖವೂ ಇದೆ. ಅನಾವಶ್ಯಕವಾದ ರೋಮವನ್ನು ತೆಗೆಯಲು ಶಂಖದ ಸುಣ್ಣವನ್ನೂ ಹರಿತಾಲವನ್ನೂ ಕಲಸಿ ಹಚ್ಚುವ ಯೋಗವು ನಮ್ಮ ವೈದ್ಯಗ್ರಂಥಗಳಲ್ಲಿದೆ. ಹರಿತಾಲವೆಂದರೆ ಪಾಷಾಣಜಾತಿಯ ವಿಷ. ಕೂದಲು ಹೋಗುವುದು ನಿಶ್ಚಯ. ಅದರೊಡನೆ ಆರೋಗ್ಯವೂ ಹೋಗಬಹುದು. ಮನೆಯಲ್ಲಿ ಹರಳೆಣ್ಣೆಯ ದೀಪದ ಹೊಗೆಯಿಂದ ಹಿಡಿದ ಕಾಡಿಗೆ ಒಂದು ಬಗೆ. ಸೀಸದ ಅದಿರನ್ನು ಅರೆದು ಮಾಡಿದ ಸುರ್ಮ ಇನ್ನೊಂದು ಬಗೆ. ಎರಡೂ ಕಪ್ಪೇ, ಎರಡೂ ಕಣ್ಣಿಗೇ. ಒಂದು ಮಸಿ, ಮತ್ತೊಂದು ಸೀಸ. ಅರಿಸಿನಕ್ಕೆ ಬಿಳಿಗಾರವನ್ನೂ ನಿಂಬೆರಸವನ್ನೂ ಸೇರಿಸಿ ಕೆಂಪೇರಿಸಿದ ಕುಂಕುಮದ ಜಾಗದಲ್ಲಿ ಸೀಸದ ಸಿಂಧೂರವು ಬಂದು ಕುಳಿತರೂ ಹಣೆಯ ಮೇಲೆ ನೋಡುವವರಿಗೆ ಭೇದ ತಿಳಿಯದು. ಬಾವಂಚಿಯ ಬೀಜವನ್ನು ವೈದ್ಯರು ತೊನ್ನಿಗೆ ಉಪಯೋಗಿಸುವರು. ಅದು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುವುದರಿಂದ, ಅಳತೆ ತಿಳಿಯದವನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆಯೇಳುವುದು. ಆದುದರಿಂದ ಪುರಾತನವೆಂಬುದು ಒಂದು ಪ್ರಮಾಣವಲ್ಲ, ಗಿಡಮೂಲಿಕೆಯೆಂಬುದೂ ಒಂದು ಪ್ರಮಾಣವಲ್ಲ.

ಇದಕ್ಕಿಂತ ಕಹಿಯಾದ ಒಂದು ಸಂಗತಿಯನ್ನು ಮರೆಮಾಚುವುದು ಚರಿತ್ರೆಕಾರನಿಗೆ ಧರ್ಮವಲ್ಲ. ಈ ಎಣ್ಣೆ, ಈ ಅರಿಸಿನ, ಈ ಹೂವು ಎಲ್ಲರಿಗೂ ಸಲ್ಲುತ್ತಿರಲಿಲ್ಲ. ಬಡವರ ಗುಡಿಸಲಿನಲ್ಲಿ ಹಬ್ಬದ ದಿನಕ್ಕೆ ಒಂದು ಚಟಾಕು ಹರಳೆಣ್ಣೆ ದೊರೆತರೆ ಅದೇ ಅಭ್ಯಂಜನ. ಮೇಲು ಜಾತಿಯೆನಿಸಿಕೊಂಡ ಮನೆಗಳಲ್ಲಿ ಗಂಡ ಸತ್ತ ಹೆಂಗಸಿಗೆ ಅರಿಸಿನವಿಲ್ಲ, ಕುಂಕುಮವಿಲ್ಲ, ಅನೇಕ ಕಡೆ ತಲೆಯ ಮೇಲೆ ಕೂದಲೇ ಇಲ್ಲ. ನಮ್ಮ ದೊಡ್ಡಜ್ಜಿ ಅಂತಹ ಮಡಿಹೆಂಗಸು. ಕೆಂಪುಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಎಳೆದುಕೊಂಡು, ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ, ಮನೆಯ ಹೆಣ್ಣುಮಕ್ಕಳೆಲ್ಲರ ಜಡೆಗಾಗಿ ಅವರು ಎಣ್ಣೆಯನ್ನು ಕಾಯಿಸುತ್ತಿದ್ದರು. ಒಮ್ಮೆ ನಾವು ತಿಳಿಯದೆ, "ನೀವು ಹಚ್ಚಿಕೊಳ್ಳೋಲ್ಲವೆ ದೊಡ್ಡಜ್ಜಿ?" ಎಂದು ಕೇಳಿದೆವು. ಅವರು ಉತ್ತರ ಹೇಳಲಿಲ್ಲ. ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ದೀಪಕ್ಕೆ ಹಿಡಿದರು. ಕೇಶಪೋಷಣೆಯ ಶಾಸ್ತ್ರವನ್ನು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರ ತಲೆಯನ್ನು ಮನೆಯವರೇ ಬೋಳಿಸಿದ್ದರು. ನಮ್ಮ ಹಳೆಯ ಬಾಳನ್ನು ಹೊಗಳುವಾಗ ಈ ಚಿತ್ರವೂ ಕಣ್ಣ ಮುಂದೆ ಇರತಕ್ಕದ್ದು.

ಸಾಬೂನು ಬಂದ ಕಥೆಯನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದು. ಸಾಬೂನು ಎಂಬ ಶಬ್ದವು ಅರಬ್ಬಿಯಿಂದ ಬಂದುದು. ಅಗಸರು ಚೌಳುಮಣ್ಣಿನಿಂದ ಬಟ್ಟೆಯನ್ನು ಒಗೆಯುತ್ತಿದ್ದ ನಮ್ಮ ನಾಡಿನಲ್ಲಿ ಮೈಗೆ ಸಾಬೂನು ಹಚ್ಚುವುದು ಬಹುಕಾಲ ರೂಢಿಯಾಗಿರಲಿಲ್ಲ. ಯೂರೋಪಿನಲ್ಲಿಯೂ ಅದು ಸುಲಭದ ವಸ್ತುವಾದುದು ಈಚೆಗೆ. ಫ್ರಾನ್ಸಿನ ಲೆಬ್ಲಾಂಕನು 1791ರಲ್ಲಿ ಉಪ್ಪಿನಿಂದ ಸೋಡವನ್ನು ಮಾಡುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. ಶೆವ್ರಲನು 1823ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೊಬ್ಬಿನ ರಚನೆಯನ್ನು ವಿವರಿಸಿದನು. ಆ ಮೇಲೆಯೇ ಸಾಬೂನು ಕಾರ್ಖಾನೆಯ ಸರಕಾದುದು. ಅದೇ ಕಾಲದಲ್ಲಿ ನಮ್ಮ ದೇಶದಿಂದಲೂ ಅತ್ತ ಒಂದು ಪದ ಪ್ರಯಾಣ ಮಾಡಿತು. ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದನು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹವನ್ನು ತೆರೆದು ಮೈಯೊತ್ತುವ ಚಿಕಿತ್ಸೆಯನ್ನು ನಡೆಸಿದನು. ನಾಲ್ಕನೆಯ ಜಾರ್ಜ್ ದೊರೆಯಿಂದ ಮನ್ನಣೆ ಪಡೆದನು. 1822ರಲ್ಲಿ ಅದರ ಮೇಲೆ ಪುಸ್ತಕವನ್ನೂ ಬರೆದನು. ಹಿಂದಿಯಲ್ಲಿ ಒತ್ತು ಎಂಬ ಅರ್ಥದ ಚಾಂಪೋ ಎಂಬುದೇ ಶಾಂಪೂ ಆಯಿತು. ಅಂಗಮರ್ದನವೆಂಬ ಅರ್ಥದಲ್ಲಿ ಹೋದ ಪದವು ತಲೆ ತೊಳೆಯುವ ದ್ರವವೆಂಬ ಅರ್ಥದಲ್ಲಿ, ಶೀಷೆಯಲ್ಲಿ ಕುಳಿತು, ಬೆಲೆ ಹೊತ್ತು ನಮಗೆ ಹಿಂದಿರುಗಿತು.

ಮೈಸೂರಿನ ಪಾಲು ಇದರಲ್ಲಿ ಗೌರವದ್ದು. 1792ರಲ್ಲಿ ಟೀಪು ಸುಲ್ತಾನನು ರಾಜವೃಕ್ಷವೆಂದು ಘೋಷಿಸಿದ ಶ್ರೀಗಂಧವನ್ನು ಮೈಸೂರು ಸೀಮೆಯು ಬಹುಕಾಲ ಮರವಾಗಿಯೇ ಮಾರುತ್ತಿತ್ತು. 1914ರ ಮಹಾಯುದ್ಧದಿಂದ ಜರ್ಮನಿಯ ದಾರಿ ಮುಚ್ಚಿ ಮರವು ರಾಶಿ ಬಿದ್ದಾಗ, ಇಲ್ಲಿಯೇ ಎಣ್ಣೆಯನ್ನು ಬಟ್ಟಿಯಿಳಿಸಬೇಕೆಂಬ ಯೋಚನೆ ಬಲವಾಯಿತು. ಬೆಂಗಳೂರಿನ ವಿಜ್ಞಾನಮಂದಿರದ ರಸಾಯನಶಾಸ್ತ್ರಜ್ಞರು ನೆರವಾದರು. 1916ರಲ್ಲಿ ಬೆಂಗಳೂರಿನಲ್ಲಿಯೂ ಮುಂದಿನ ವರ್ಷ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ಪ್ರಾರಂಭವಾದುವು. 1918ರಲ್ಲಿ ಸರ್ಕಾರಿ ಸಾಬೂನಿನ ಕಾರ್ಖಾನೆ ಬಂದಿತು. ಇಂಗ್ಲೆಂಡಿನಲ್ಲಿ ಕಲಿತು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಗಂಧದೆಣ್ಣೆಯನ್ನು ಸಾಬೂನಿಗೆ ಹೊಂದಿಸಿದರು. ಗಂಧಯುಕ್ತಿಯು ಅರಮನೆಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಸಾಮಾನ್ಯರ ಬಚ್ಚಲಿಗೆ ಬಂದುದು ಹೀಗೆ. ದೊರೆಯ ಭೋಗವು ಕೆಲವು ಕಾಸಿಗೆ ಎಲ್ಲರಿಗೂ ದೊರೆಯುವಂತಾದುದು ಸಣ್ಣ ಮಾತಲ್ಲ.

ಈಚಿನ ವರ್ಷಗಳಲ್ಲಿ ಗಾಳಿ ಮತ್ತೆ ತಿರುಗಿದೆ. ಅಂಗಡಿಯ ದ್ರವ್ಯಗಳನ್ನು ಸಂದೇಹಿಸಿ, ಮನೆಯಲ್ಲಿಯೇ ಎಣ್ಣೆಯನ್ನೂ ಲೇಪಗಳನ್ನೂ ಮಾಡಿಕೊಳ್ಳುವ ಉತ್ಸಾಹ ವಿದ್ಯಾವಂತರಲ್ಲಿ ಹಬ್ಬಿದೆ. ಸಂತೋಷದ ಸಂಗತಿ. ಆದರೆ ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿಯೇ ನಡೆದುದನ್ನು ಹೇಳಬೇಕು. ಮನೆಯ ಕಿರಿಯರು ಗರುಗದ ಸೊಪ್ಪನ್ನೂ ದಾಸವಾಳವನ್ನೂ ತಂದು, ಅರೆದು, ಕೊಬ್ಬರಿ ಎಣ್ಣೆಗೆ ಹಾಕಿ, ಘಮಘಮವೆಂದೊಡನೆಯೇ ಇಳಿಸಿ ಶೀಷೆಗೆ ತುಂಬಿದರು. ಹದಿನೈದು ದಿವಸಗಳಲ್ಲಿ ಶೀಷೆಯ ತಳದಲ್ಲಿ ಬೂಷ್ಟು ಕಾಣಿಸಿತು. ದೊಡ್ಡಜ್ಜಿಯ ಸಾಮಗ್ರಿಗಳಲ್ಲಿ ಮುಖ್ಯವಾದುವೆಲ್ಲ ಅಲ್ಲಿದ್ದುವು, ಅವರ ಬತ್ತಿಯೊಂದಿರಲಿಲ್ಲ. ಅದನ್ನು ನಾವು ಅವರಿಗೆ ಹೇಳಿಕೊಟ್ಟಿರಲಿಲ್ಲ, ತಪ್ಪು ನಮ್ಮದೇ. ನಿಂಬೆರಸವನ್ನು ಮುಖಕ್ಕೆ ಹಚ್ಚಿಕೊಂಡು ಬಿಸಿಲಿಗೆ ಹೋಗಿ ಸುಟ್ಟುಕೊಳ್ಳುವವರದೂ, ಅಡಿಗೆಸೋಡದಿಂದ ತಲೆಯನ್ನು ಉಜ್ಜಿಕೊಂಡು ಕೂದಲನ್ನು ಕೆಡಿಸಿಕೊಳ್ಳುವವರದೂ ಇದೇ ಕಥೆ. ವಸ್ತುವಿನ ಹೆಸರು ಉಳಿದಿದೆ; ಅಳತೆ, ಹದ, ಪರೀಕ್ಷೆ, ಎಚ್ಚರಿಕೆ ಇವು ಕಳೆದುಹೋಗಿವೆ.

ಒಂದು ಪರಂಪರೆ ನಶಿಸುವುದು ಅದರ ವಸ್ತುಗಳು ಇಲ್ಲವಾದಾಗಲ್ಲ. ಸೀಗೆ ಕಾಡಿನಲ್ಲಿ ಇನ್ನೂ ಬೆಳೆಯುತ್ತಿದೆ, ಗರುಗವು ಗದ್ದೆಯ ಬದುವಿನಲ್ಲಿ ಇನ್ನೂ ಇದೆ. ಅವುಗಳನ್ನು ಬಲ್ಲ ಕೈಗಳು ತಮ್ಮ ಅರಿವನ್ನು ಯಾರಿಗೂ ಹೇಳದೆ ಹೋದಾಗ, ಕೇಳಬೇಕಾದವರು ಕೇಳದೆ ಇದ್ದಾಗ, ಅದು ನಶಿಸುವುದು. ಅರಸರ ಸ್ನಾನವನ್ನು ಬರೆದಿಡಲು ಸೋಮೇಶ್ವರನಿದ್ದನು. ದೊಡ್ಡಜ್ಜಿಯಂತಹವರ ಪಾಕವನ್ನು ಬರೆದಿಡುವವರು ನಾವೇ ಆಗಬೇಕಾಗಿದೆ. ಶ್ರೋತೃಗಳ ಮನೆಗಳಲ್ಲಿ ಅಂತಹ ಹಿರಿಯರು ಇನ್ನೂ ಇದ್ದರೆ, ಬರುವ ಹಬ್ಬಕ್ಕೆ ಮುಂಚೆ ಒಂದು ದಿನ ಅವರ ಬಳಿ ಕುಳಿತು, ಏನನ್ನು ಹಾಕುವಿರಿ ಎಂದಷ್ಟೇ ಅಲ್ಲದೆ, ಎಷ್ಟು ಹಾಕುವಿರಿ, ಆಯಿತೆಂದು ಹೇಗೆ ತಿಳಿಯುವಿರಿ, ಯಾರಿಗೆ ಹಚ್ಚಬಾರದು ಎಂದು ಕೇಳಿ ಬರೆದುಕೊಳ್ಳಬೇಕೆಂದು ನಮ್ಮ ವಿನಂತಿ. ಬರೆದುದನ್ನು ಇಂದಿನ ರಸಾಯನಶಾಸ್ತ್ರದ ಬೆಳಕಿನಲ್ಲಿ ನೋಡಿ, ಕೊಳ್ಳತಕ್ಕುದನ್ನು ಕೊಂಡು ಬಿಡತಕ್ಕುದನ್ನು ಬಿಡೋಣ. ಕೊನೆಗೆ ಆ ಎಣ್ಣೆಯನ್ನು ಮೊದಲು ಕಾಯಿಸಿದವರ ತಲೆಗೇ ಹಚ್ಚೋಣ. ನಮ್ಮ ದೊಡ್ಡಜ್ಜಿಗೆ ನಾವು ಅದನ್ನು ಮಾಡಲಾಗಲಿಲ್ಲ.